ವೇದಪಾಠಶಾಲೆಯೂ ನಮ್ಮ ಹಳ್ಳಿಯ ಸಭೆಗಳೂ

(ಓದತಕ್ಕ ಭಾಗ: ನೆಹೆಮೀಯ 8ನೆಯ ಅಧ್ಯಾಯ)



ಬಾಬೆಲಿನ ಸೆರೆಯಿಂದ ತಿರಿಗಿ ಬಂದ ಯೆಹೂದ್ಯರು ಯೆರೂಸಲೇಮಿನ ಗೋಡೆಯನ್ನು ಕಟ್ಟಿ ತೀರಿಸಿದ ಮೇಲೆ ನಡೆದ ಒಂದು ದೊಡ್ಡ ಸಂಗತಿಯನ್ನು ಈ ಅಧ್ಯಾಯವು ನಮಗೆ ತಿಳಿಸುತ್ತದೆ. ಏಳನೆಯ ತಿಂಗಳಿನ ಮೊದಲನೆಯ ದಿನದಲ್ಲಿ ಜನರೆಲ್ಲರು ನೀರುಬಾಗಿಲಿನ ಮುಂದಣ ಬೀದಿಯಲ್ಲಿ ಕೂಡಿದರು. ದೇವಾಲಯದ ಅಂಗಳದಲ್ಲಿ ಅಲ್ಲ, ಬೀದಿಯಲ್ಲಿ. ಅಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು, ಕೇಳಿ ಗ್ರಹಿಸಬಲ್ಲಷ್ಟು ದೊಡ್ಡವರಾದ ಮಕ್ಕಳೂ ಇದ್ದರು. ಇದರಲ್ಲಿ ನಾವು ಮೊದಲು ಲಕ್ಷ್ಯವಿಟ್ಟು ನೋಡತಕ್ಕದ್ದು ಏನಂದರೆ, ಶಾಸ್ತ್ರಿಯಾದ ಎಜ್ರನು ಜನರನ್ನು ಕರೆಯಲಿಲ್ಲ. ಜನರೇ ಎಜ್ರನನ್ನು ಕರೆದರು. ಮೋಶೆಯ ಧರ್ಮಶಾಸ್ತ್ರದ ಗ್ರಂಥವನ್ನು ತರಬೇಕೆಂದು ಬೇಡಿಕೊಂಡವರು ಅವರೇ. ಹಸಿದವನು ಅನ್ನವನ್ನು ಕೇಳುವ ಹಾಗೆ ಅವರು ವಾಕ್ಯವನ್ನು ಕೇಳಿದರು.

ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಾದಂದಿನಿಂದ ಮಧ್ಯಾಹ್ನದ ವರೆಗೆ ಓದಿದನು. ಆದರೆ ಓದಿದ್ದು ಮಾತ್ರವೇ ಸಾಕಾಗಲಿಲ್ಲ. ಸೆರೆಯಲ್ಲಿ ಬೆಳೆದ ಜನರಿಗೆ ತಾತಂದಿರ ಭಾಷೆಯು ಬಾಯಿ ತಪ್ಪುತ್ತಾ ಇತ್ತು. ಸ್ವಲ್ಪ ಕಾಲದ ಮೇಲೆ ನೆಹೆಮೀಯನು ಕಂಡ ಪ್ರಕಾರ, ಕೆಲವರ ಮಕ್ಕಳು ಅರ್ಧ ಅಷ್ಡೋದಿನ ಮಾತನ್ನೇ ಆಡುತ್ತಿದ್ದರು. ಆದಕಾರಣ 13 ಮಂದಿ ಹೆಸರು ಹೇಳಲ್ಪಟ್ಟವರೂ ಬೇರೆ ಲೇವಿಯರೂ ಜನರ ನಡುವೆ ನಿಂತು ಓದಿದ್ದರ ಅರ್ಥವನ್ನು ಬಿಡಿಸಿ ಹೇಳಿದರು. ಎಜ್ರನ ಹೆಸರು ಎಲ್ಲರಿಗೂ ಗೊತ್ತು. ಶೇರೇಬ್ಯ, ಅಕ್ಕೂಬ, ಕೆಲೀಟ, ಯೋಜಾಬಾದ ಎಂಬ ಈ ಲೇವಿಯರ ಹೆಸರುಗಳನ್ನು ನಮ್ಮ ಸಭೆಗಳಲ್ಲಿ ಬಾಯಿಪಾಠವಾಗಿ ಬಲ್ಲವರು ಯಾರು? ಆದರೂ ಆ ದಿನ ಜನರ ಕಿವಿಯಿಂದ ಹೃದಯಕ್ಕೆ ವಾಕ್ಯವನ್ನು ದಾಟಿಸಿದವರು ಇವರೇ. ವೇದಪಾಠಶಾಲೆಯು ಯಾತಕ್ಕಾಗಿ ಇದೆ ಎಂದು ಯಾರಾದರೂ ನಮ್ಮನ್ನು ಕೇಳಿದರೆ, ಇಂಥ ಲೇವಿಯರನ್ನು ಸಿದ್ಧಮಾಡುವದಕ್ಕಾಗಿ ಎಂದು ಹೇಳುತ್ತೇವೆ.

ಬೆಂಗಳೂರಿಗೆ ಹೋಗಿ ಬಂದವರು ಅವೆನ್ಯೂ ರಸ್ತೆಯನ್ನು ಕಂಡಿರಬಹುದು. ಪೂರ್ವದಲ್ಲಿ ಅದಕ್ಕೆ ದೊಡ್ಡಪೇಟೆ ಎಂದು ಹೆಸರು. ಜನರು ಇಂದಿಗೂ ಮೈಸೂರು ಬ್ಯಾಂಕ್ ಸರ್ಕಲ್ ಎಂದು ಕರೆಯುವ ಸ್ಥಳದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಅದು ಹೋಗುತ್ತದೆ. ಬಂಗಾರದ ಅಂಗಡಿ, ಬಟ್ಟೆಯ ಅಂಗಡಿ, ಕಾಗದದ ಅಂಗಡಿ, ಇವುಗಳ ಮುಂದೆ ನೆಲದ ಮೇಲೆ ಹಳೇ ಪುಸ್ತಕಗಳ ರಾಶಿ. ಮೂಟೆ ಹೊರುವವರೂ ಕೈಗಾಡಿಗಳೂ ಒಂದನ್ನೊಂದು ಒತ್ತಿಕೊಂಡು ಹೋಗುವ ಆ ಬೀದಿಯಲ್ಲಿ, ಕಲ್ಲಿನ ಕಂಬಗಳೂ ಕಮಾನುಗಳೂ ಉಳ್ಳ ಒಂದು ದೇವಾಲಯವಿದೆ. ಅದು ರೈಸ್ ಸ್ಮಾರಕ ದೇವಾಲಯ. ಈಗಿನ ಕಟ್ಟಡವು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಎದ್ದದ್ದು. ಅದಕ್ಕಿಂತ ಮೊದಲು ಅಲ್ಲಿ ಲಂಡನ್ ಮಿಶನ್ನಿನವರ ಹಳೇ ಕನ್ನಡ ಪ್ರಾರ್ಥನಾಮಂದಿರವು ಇತ್ತು. ಪೇಟೆಯ ನಡುವೆ, ಗದ್ದಲದ ನಡುವೆ, ಕನ್ನಡದಲ್ಲಿ ವೇದವನ್ನು ಓದಿ ಅರ್ಥ ಹೇಳುವ ಸ್ಥಳ. ನೀರುಬಾಗಿಲಿನ ಬೀದಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಲು ಕಷ್ಟವಾಗುವವರು ಇದನ್ನು ನೆನಸಿಕೊಳ್ಳಲಿ.

ಬೆಂಜಮಿನ್ ರೈಸ್ ಅಯ್ಯನವರು 1837ರಲ್ಲಿ ಬೆಂಗಳೂರಿಗೆ ಬಂದರು, 1887ರಲ್ಲಿ ತೀರಿಹೋಗುವ ವರೆಗೆ ಸುಮಾರು 50 ವರುಷ ಈ ನಾಡಿನ ಸೇವೆಯಲ್ಲಿಯೇ ಇದ್ದರು. ಅವರು ಮೊದಲು ಮಾಡಿದ್ದು ಬೋಧಿಸುವದಲ್ಲ, ಕಲಿಯುವದು. ಕನ್ನಡವನ್ನು ಆಳವಾಗಿ ಕಲಿತು ಆಮೇಲೆ ಪೇಟೆಯಲ್ಲಿ ಶಾಲೆಗಳನ್ನು ನಡಿಸಿದರು, ಕನ್ನಡ ವೇದವನ್ನು ತಿದ್ದುವ ಕೆಲಸದಲ್ಲಿಯೂ ಕೈಯಿಟ್ಟರು. ಅವರ ಪತ್ನಿಯೂ ಸೂವೆಲ್ ಅಮ್ಮನವರೂ 1840ರ ಸುಮಾರಿಗೆ ಪೇಟೆಯ ಕನ್ನಡ ಹೆಣ್ಣುಮಕ್ಕಳಿಗೆ ಓದು ಕಲಿಸಲು ತೊಡಗಿದರು. ಇಲ್ಲಿ ಒಂದು ಮಾತನ್ನು ಸೇರಿಸುವದಕ್ಕೆ ಮನಸ್ಸಾಗುತ್ತದೆ: ಅಯ್ಯನವರ ಮಗ ಲೂಯಿ ರೈಸ್ ಎಂಬವರು ನಮ್ಮ ಊರುಗಳ ಕಲ್ಲು ಶಾಸನಗಳನ್ನು ಓದಿಸಿ ಅಚ್ಚುಹಾಕಿಸಿದರು. ತಂದೆಯು ಹಳ್ಳಿಗೆ ಒಂದು ಗ್ರಂಥವನ್ನು ತಂದರು. ಹಳ್ಳಿಯ ಹೊಲದಲ್ಲಿ ಮೊದಲೇ ನಿಂತಿದ್ದ ಬರಹವನ್ನು ಮಗನು ಓದಿದರು. ಇಬ್ಬರಿಗೂ ಕನ್ನಡದ ಮೇಲೆ ಪ್ರೀತಿ ಇಲ್ಲದಿದ್ದರೆ ಎರಡೂ ಆಗುತ್ತಿರಲಿಲ್ಲ.

ನಾವು ಇಂದು ಕೈಯಲ್ಲಿ ಹಿಡಿಯುವ ಕನ್ನಡ ವೇದವೂ ಒಂದು ದಿನದಲ್ಲಿ ಆದದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅಯ್ಯನವರು ಜೊತೆಗಾರರೊಂದಿಗೆ ದುಡಿದು, ಇಡೀ ಸತ್ಯವೇದದ ಭಾಷಾಂತರವು 1831ರಲ್ಲಿ ಪೂರೈಸಿತು. ಅದು ಸಾಲದೆಂದು ಕಂಡು ಬಾಸೆಲ್ ಮಿಶನ್ನಿನ ವೈಗ್ಲೆ ಅಯ್ಯನವರು ಮೊದಲಾದವರು ಪುನಃ ತಿದ್ದಿದರು. ವೈಗ್ಲೆ ಅಯ್ಯನವರು 1855ರಲ್ಲಿ ತೀರಿಹೋದರು. ಕೆಲಸವನ್ನು ಬೇರೆಯವರು ಮುಂದರಿಸಿದರು. ಒಂದು ಶಬ್ದಕ್ಕಾಗಿ ಇಷ್ಟು ಮಂದಿ ಆಯುಷ್ಯವನ್ನು ಸವೆಸಿದ ಮೇಲೆ, ಅದರ ಅರ್ಥಕ್ಕಾಗಿ ಎರಡು ಮೂರು ವರುಷ ಕೂತು ಕಲಿಯುವದು ಹೆಚ್ಚೆಂದು ನಾವು ಹೇಳಬಹುದೋ?

ಅರ್ಥ ಹೇಳುವವರನ್ನು ಸಿದ್ಧಮಾಡುವ ಶಾಲೆಗಳೂ ಹೀಗೆಯೇ ಹುಟ್ಟಿದವು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲಿಯೇ ದೇಶಸ್ಥ ಉಪದೇಶಕರನ್ನು ಕಲಿಸತೊಡಗಿದರು. ಮೈಸೂರು ಸೀಮೆಯ ಸಭೆಗಳಿಗೆ ತುಮಕೂರಿನ ಕನ್ನಡ ವೇದಶಾಸ್ತ್ರ ಶಾಲೆಯು ಬಹುಕಾಲ ಆಧಾರವಾಗಿತ್ತು. ಬೆಂಗಳೂರಿನಲ್ಲಿ ಅನೇಕ ಮಿಶನ್ನುಗಳು ಕೂಡಿ 1910ರಲ್ಲಿ ಸ್ಥಾಪಿಸಿದ ಸಂಯುಕ್ತ ವೇದಶಾಸ್ತ್ರ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ನಡೆಯುತ್ತದೆ. ಮಂಗಳೂರಿನ ಬಲ್ಮಠದಲ್ಲಿ 1965ರಿಂದ ಕರ್ನಾಟಕ ವೇದಶಾಸ್ತ್ರ ಕಾಲೇಜು ಇದೆ. ಇವಲ್ಲದೆ ಸಣ್ಣ ದೊಡ್ಡ ವೇದಪಾಠಶಾಲೆಗಳು ಬೆಂಗಳೂರಿನ ಸುತ್ತಲೂ ಬಹಳ ಇವೆ. ಎಲ್ಲವೂ ಒಂದೇ ತೂಕದವುಗಳಲ್ಲ ಎಂಬದನ್ನೂ ಹೇಳಲೇಬೇಕು. ಮಗನನ್ನಾಗಲಿ ಮಗಳನ್ನಾಗಲಿ ಕಳುಹಿಸುವ ಮೊದಲು, ಅಲ್ಲಿ ಕಲಿಸುವವರು ಯಾರು, ಯಾವ ಸಭೆಯು ಅದಕ್ಕೆ ಜವಾಬುದಾರಿ, ಎಷ್ಟು ವರುಷ ಕಲಿಸುತ್ತಾರೆ ಎಂದು ನಿಮ್ಮ ಸಭಾಪಾಲಕರ ಸಂಗಡ ಕೂತು ವಿಚಾರಿಸಿರಿ. ಎತ್ತು ಕೊಳ್ಳುವಾಗ ಹಲ್ಲು ನೋಡುವವರು ನಾವು.

ಈಗ, ಹಳ್ಳಿಯಲ್ಲಿ ರಾಗಿ ಬಿತ್ತಿ ಬೆಳೆಯುವ ನಮಗೆ ಸಿದ್ಧಾಂತ ಯಾತಕ್ಕೆ, ಪ್ರಾರ್ಥನೆಯೂ ಕೀರ್ತನೆಯೂ ಸಾಲದೋ ಎಂದು ಕೇಳುವವರು ಇದ್ದಾರೆ. ಈ ಮಾತಿನಲ್ಲಿ ಒಂದು ಸತ್ಯವಿದೆ. ಆದರೂ ಅದನ್ನು ಪರೀಕ್ಷಿಸೋಣ. ಒಬ್ಬ ತಾಯಿಯನ್ನು ನೆನಸಿಕೊಳ್ಳಿರಿ. ಅವಳ ಕೂಸು ಜ್ವರದಿಂದ ತೀರಿಹೋಯಿತು. ಪ್ರಾರ್ಥನೆಯನ್ನು ಮಾಡಿದ್ದಳು, ಉಪವಾಸವಿದ್ದಳು, ಆಸ್ಪತ್ರೆಗೂ ಹೊತ್ತುಕೊಂಡು ಹೋಗಿದ್ದಳು. ಆಮೇಲೆ ಊರಿಂದೂರಿಗೆ ತಿರುಗುವ ಒಬ್ಬ ಪ್ರಸಂಗಿಯು ಬಂದು, ಅಮ್ಮಾ, ನಿನ್ನ ನಂಬಿಕೆ ಕಡಿಮೆಯಾದದ್ದರಿಂದಲೇ ಮಗು ಸತ್ತಿತು ಎಂದು ಅವಳಿಗೆ ಹೇಳುತ್ತಾನೆ. ಅವನ ಕೈಯಲ್ಲಿಯೂ ವೇದವಿದೆ, ಅವನ ಬಾಯಲ್ಲಿಯೂ ವಾಕ್ಯಗಳಿವೆ. ಆ ತಾಯಿಯು ಮಣ್ಣು ಮಾಡಿದ ಮಗುವನ್ನು ಎರಡನೆಯ ಸಾರಿ ಕಳಕೊಂಡು, ಈ ಸಾರಿ ಕೊಂದವಳು ತಾನೇ ಎಂದು ನೆನಸುತ್ತಾಳೆ. ಆ ಮನೆಯ ಜಗಲಿಯ ಮೇಲೆ ಕೂತು ಅವಳಿಗೆ ಉತ್ತರ ಕೊಡುವವರು ಯಾರು?

ಸುಮ್ಮನೆ ಅಳಬೇಡವೆಂದು ಹೇಳಿದರೆ ಅದು ಉತ್ತರವಾಗದು. ಸತ್ಯವೇದವನ್ನು ಕ್ರಮವಾಗಿ ಕಲಿತವನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವನ್ನು ತೆರೆದು, ಹುಟ್ಟುಕುರುಡನ ವಿಷಯದಲ್ಲಿ ಪಾಪ ಯಾರದೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲ ಎಂಬ ಭಾವದಿಂದ ನಮ್ಮ ಸ್ವಾಮಿಯು ಉತ್ತರ ಕೊಟ್ಟದ್ದನ್ನು ತೋರಿಸುವನು. ಅನೇಕರನ್ನು ಸ್ವಸ್ಥಮಾಡಿದ ಪೌಲನೇ ತನ್ನ ಜೊತೆಗಾರನಾದ ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಟ್ಟು ಬಂದನೆಂಬದನ್ನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ತೋರಿಸುವನು. ತಿಮೊಥೆಯನಿಗೆ ಪದೇಪದೇ ಬರುತ್ತಿದ್ದ ಅಸ್ವಸ್ಥತೆಗಾಗಿ ಪೌಲನು ಅವನ ನಂಬಿಕೆಯನ್ನು ಗದರಿಸಲಿಲ್ಲ, ಮದ್ದಿನಂತೆ ಸ್ವಲ್ಪ ದ್ರಾಕ್ಷಾರಸವನ್ನು ಹೇಳಿದನು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡರೂ ಅದು ತೆಗೆಯಲ್ಪಡಲಿಲ್ಲ. ಒಂದು ವಾಕ್ಯವನ್ನು ಕಲ್ಲಿನಂತೆ ಎಸೆಯುವದು ಸುಲಭ. ಇಡೀ ಗ್ರಂಥವನ್ನು ತಿಳಿದು ದುಃಖಿಸುವವಳ ತಲೆಯಿಂದ ಆ ಭಾರವನ್ನು ಇಳಿಸುವದಕ್ಕೆ ಕಲಿಕೆ ಬೇಕು. ಸಿದ್ಧಾಂತವೆಂದು ನಾವು ಹೇಳುವದು ಇದನ್ನೇ.

ಇನ್ನೊಂದು ತರದ ಬೋಧಕನು ತಾರೀಖುಗಳನ್ನು ಹಿಡಿದು ಬರುತ್ತಾನೆ. ಲೋಕವು ಇಂಥ ವರುಷದಲ್ಲಿ ಮುಗಿಯುವದು, ಹೊಲವನ್ನು ಮಾರಿ ಸಿದ್ಧವಾಗಿರಿ ಎನ್ನುತ್ತಾನೆ. ಇದು ಹೊಸದಲ್ಲ. ಅಮೇರಿಕಾ ದೇಶದಲ್ಲಿ ವಿಲಿಯಂ ಮಿಲ್ಲರ್ ಎಂಬವರ ಬೋಧನೆಯನ್ನು ನಂಬಿದ ಸಾವಿರಾರು ಜನರು 1844ನೆಯ ಇಸವಿಯ ಅಕ್ಟೋಬರ್ 22ರಂದು ಕರ್ತನು ಬರುವನೆಂದು ಕಾದಿದ್ದರು. ಕೆಲವು ರೈತರು ಆ ವರುಷದ ಬೆಳೆಯನ್ನು ಕೀಳದೆ ಹೊಲದಲ್ಲಿಯೇ ಬಿಟ್ಟರು. ದಿನವು ಬಂದು ಹೋಯಿತು. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಸ್ವಾಮಿಯೇ ಹೇಳಿದ್ದಾನೆಂಬದನ್ನು (ಮಾರ್ಕ 13:32) ಸಭೆಯಲ್ಲಿ ಒಬ್ಬನಾದರೂ ಎದ್ದು ಹೇಳಬಲ್ಲವನಿದ್ದರೆ, ಎಷ್ಟೋ ಮನೆಗಳ ಹೊಲ ಉಳಿಯುವದು. ಕ್ರಿಸ್ತನು ಸೃಷ್ಟಿಸಲ್ಪಟ್ಟವನೇ ಹೊರತು ದೇವರಲ್ಲ ಎನ್ನುವವರೂ ಬರುತ್ತಾರೆ. 325ರಲ್ಲಿ ನಿಕಾಯ ಎಂಬ ಊರಿನಲ್ಲಿ ಕೂಡಿದ ಸಭಾಧ್ಯಕ್ಷರು ಇದೇ ಪ್ರಶ್ನೆಯನ್ನು ವಿಚಾರಿಸಿ ನಿರ್ಣಯಿಸಿದರೆಂದು ಬಲ್ಲವನು ಹೊಸ ಮಾತೆಂದು ಬೆದರುವದಿಲ್ಲ.

ವೇದಪಾಠಶಾಲೆಯಲ್ಲಿ ಕಲಿಯುವ ದೊಡ್ಡ ದೊಡ್ಡ ಶಬ್ದಗಳು ಹಳ್ಳಿಗೆ ಹೇಗೆ ಬರಬೇಕು ಎಂಬದನ್ನೂ ಹೇಳೋಣ. ನೀತಿವಂತರೆಂಬ ನಿರ್ಣಯ ಎಂಬ ಪಾಠವನ್ನು ಕಲಿತು ಬಂದ ಯೌವನಸ್ಥನು ಆ ಶಬ್ದವನ್ನೇ ಹತ್ತು ಸಾರಿ ಹೇಳಿದರೆ ಸಭೆಯವರು ತೂಕಡಿಸುವರು. ಪೌಲನಾದರೋ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಸಾಲಪತ್ರದ ಮಾತನ್ನು ಎತ್ತುತ್ತಾನೆ. ಸಾಲಪತ್ರವೆಂದರೇನೆಂದು ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜನು ಹೆಬ್ಬೆಟ್ಟು ಒತ್ತಿದ ಕಾಗದವು ಮೊಮ್ಮಗನ ಕಾಲದಲ್ಲಿಯೂ ಸಾಹುಕಾರನ ಪೆಟ್ಟಿಗೆಯಲ್ಲಿ ಬದುಕಿರುವದನ್ನು ನಮ್ಮ ಹಿರಿಯರು ಕಂಡವರು. ಜೀತವಿದ್ದು ತೀರಿಸಿದವರೂ ನಮ್ಮಲ್ಲಿದ್ದರು. ಆ ಪತ್ರವನ್ನು ದೇವರು ತೆಗೆದುಹಾಕಿ ಶಿಲುಬೆಗೆ ಜಡಿದನೆಂಬದನ್ನು ಹೀಗೆ ಬಿಡಿಸಿ ಹೇಳಿದರೆ, ಓದಲು ಬಾರದ ಮುದುಕನೂ ತಲೆಯೆತ್ತಿ ನೋಡುವನು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿಯಾದ ಮಾತನ್ನೂ ಹೇಳದೆ ಬಿಡಲಾರೆವು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳ ಮುಂದೆ ಹುಡುಗರು ಬಗ್ಗಿ ಹುಡುಕುವದು ಹೆಚ್ಚಾಗಿ ಗೈಡುಗಳನ್ನು. ಪ್ರಶ್ನೆಗೆ ಉತ್ತರವು ಸಿದ್ಧವಾಗಿ ಅದರಲ್ಲಿರುತ್ತದೆ. ಪರೀಕ್ಷೆ ಮುಗಿದ ಮಾರನೆಯ ದಿನ ಅದೇ ಪುಸ್ತಕವು ಅರ್ಧ ಬೆಲೆಗೆ ತಿರಿಗಿ ಅದೇ ರಾಶಿಗೆ ಬರುತ್ತದೆ. ಲೆಕ್ಕ, ವಿಜ್ಞಾನ ಕಲಿಯುವ ಬಡ ಮಕ್ಕಳಿಗೆ ಆ ಅಂಗಡಿಗಳಿಂದ ಬಹಳ ಉಪಕಾರವಾಗಿದೆ, ಅದನ್ನು ನಾವು ಹೀಯಾಳಿಸುವದಿಲ್ಲ. ಆದರೆ ಸತ್ಯವೇದವನ್ನು ಗೈಡಿನಂತೆ ಓದಿ, ಸರ್ಟಿಫಿಕೇಟು ಕೈಗೆ ಬಂದ ದಿನವೇ ಮುಚ್ಚಿಡುವವರನ್ನು ಕಂಡಿದ್ದೇವೆ. ಕೆಲವರು ಹಳ್ಳಿಯ ಸಭೆಯ ಶಿಫಾರಸಿನ ಕಾಗದದಿಂದ ಒಳಗೆ ಹೋಗಿ, ಪಟ್ಟಣದ ಸಂಬಳದ ಕಡೆಯಿಂದ ಹೊರಗೆ ಬರುತ್ತಾರೆ. ಬೇರೆ ಕೆಲವರು ಹಿಂದಿರುಗಿ ಬರುತ್ತಾರೆ, ಆದರೆ ಬಂದವರ ನಾಲಿಗೆಯು ಬದಲಾಗಿರುತ್ತದೆ. ಮಾತಿಗೊಂದು ಇಂಗ್ಲಿಷು ಶಬ್ದ, ಸ್ವಂತ ತಾಯಿಯ ಪ್ರಾರ್ಥನೆಯಲ್ಲಿ ತಪ್ಪು ಹುಡುಕುವ ಕಣ್ಣು. ಜ್ಞಾನವು ಉಬ್ಬಿಸುವದು, ಪ್ರೀತಿಯೇ ಕಟ್ಟುವದು ಎಂಬ ಅರ್ಥದಲ್ಲಿ ಪೌಲನು ಕೊರಿಂಥದವರಿಗೆ ಎಚ್ಚರಿಕೆ ಹೇಳಿದ್ದು ಇಂಥವರಿಗಾಗಿಯೇ. ಇಂಗ್ಲಿಷನ್ನು ಕಲಿಯಬಾರದೆಂದು ನಾವು ಹೇಳುವದಿಲ್ಲ. ಗ್ರೀಕನ್ನೂ ಇಬ್ರಿಯವನ್ನೂ ಕಲಿಯಲಿ, ಒಳ್ಳೇದು. ಬಾವಿಯನ್ನು ಎಷ್ಟು ಆಳವಾಗಿಯಾದರೂ ತೋಡಲಿ. ಹಗ್ಗವು ಮೇಲೆ ನಿಂತವರ ಕೈಗೆ ಎಟಕುವಂತಿರಲಿ.

ಆದರೆ ಈ ತಪ್ಪು ವಿದ್ಯಾರ್ಥಿಯದು ಮಾತ್ರವೋ? ಸಭೆಯು ಅವನನ್ನು ಕಳುಹಿಸಿದ ಮೇಲೆ ಎಷ್ಟು ಸಾರಿ ನೆನಸಿತು? ಒಕ್ಕಲು ಮನೆಯಿಂದ ಒಬ್ಬ ಯೌವನಸ್ಥನು ಹೋದರೆ ಆ ಮನೆಗೆ ಒಂದು ಜೊತೆ ಕೈ ಕಡಿಮೆಯಾಗುತ್ತದೆ. ಬಿತ್ತನೆಯ ಕಾಲದಲ್ಲಿ ಅವನ ತಂದೆಯು ಕೂಲಿಯಾಳನ್ನು ಹುಡುಕಬೇಕು. ಸುಗ್ಗಿಯಲ್ಲಿ ತಂಗಿಯು ಶಾಲೆ ಬಿಟ್ಟು ಕಳಕ್ಕೆ ಬರಬೇಕು. ಪ್ರಾರ್ಥಿಸುತ್ತೇವೆ ಎಂದು ಹೇಳಿ ಮನೆಗೆ ಹೋಗುವದು ಸುಲಭ. ನಮ್ಮ ಹಿರಿಯ ತಾಯಂದಿರು ದಿನವೂ ಒಲೆಗೆ ಎಸರಿಡುವಾಗ ಒಂದು ಹಿಡಿ ಅಕ್ಕಿಯನ್ನೋ ರಾಗಿಯನ್ನೋ ಬೇರೆ ಮಡಕೆಯಲ್ಲಿ ಕರ್ತನಿಗಾಗಿ ಎತ್ತಿಡುತ್ತಿದ್ದರು. ಆ ಹಿಡಿಧಾನ್ಯದಿಂದ ಉಪದೇಶಿಗಳು ಉಂಡರು. ಆ ಮಡಕೆಯು ಅನೇಕ ಮನೆಗಳಲ್ಲಿ ಈಗ ಕಾಣುವದಿಲ್ಲ. ವಿದ್ಯಾರ್ಥಿಯ ಪುಸ್ತಕದ ವೆಚ್ಚವು ಬೇರೆ ಯಾರೋ ದಾನಿಯಿಂದ ಬಂದರೆ, ಕಲಿತ ಮೇಲೆ ಅವನು ದಾನಿಯ ಮುಖವನ್ನೇ ನೋಡುವನು. ನಿಮ್ಮ ಹಿಡಿರಾಗಿಯಿಂದ ಓದಿದವನಿಗೆ ನಿಮ್ಮ ಊರಿನ ದಾರಿ ನೆನಪಿರುವದು. ಎಲ್ಲರೂ ಕೂಡಿ ಅವನ ತಂದೆಯ ಹೊಲವನ್ನು ಒಂದು ದಿನ ಉತ್ತುಕೊಟ್ಟರೆ ಅದು ಕಾಣಿಕೆಯಲ್ಲವೋ?

ಹೆಣ್ಣುಮಕ್ಕಳ ವಿಷಯವಾಗಿ ಎರಡು ಮಾತು. ದಕ್ಷಿಣ ಇಂಡಿಯಾ ಸಭೆಯು 1947ರಲ್ಲಿ ಕೂಡಿಬಂತು. 1970ರ ದಶಕದಿಂದ ಅದರಲ್ಲಿ ಸ್ತ್ರೀಯರಿಗೂ ಸಭಾಪಾಲಕರ ಅಭಿಷೇಕವು ದೊರೆಯುತ್ತಿದೆ. ಮಗಳನ್ನು ವೇದಪಾಠಶಾಲೆಗೆ ಕಳುಹಿಸಿದರೆ ಮದುವೆಗೆ ತೊಂದರೆಯಾಗುವದೆಂದು ಹೆದರುವ ತಂದೆತಾಯಿಗಳು, ಅಪೊಲ್ಲೋಸನಿಗೆ ಕಲಿಸಿದವರು ಯಾರೆಂದು ಓದಿ ನೋಡಲಿ.

ಅದನ್ನು ನಾವೇ ಓದೋಣ. ಯಾಕಂದರೆ ವೇದಪಾಠಶಾಲೆಗೆ ಎಂದೂ ಹೋಗಲಾರದವರಿಗೆ ಇದಕ್ಕಿಂತ ಒಳ್ಳೇ ಭಾಗವಿಲ್ಲ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಅಪೊಲ್ಲೋಸನೆಂಬ ಅಲೆಕ್ಸಾಂದ್ರಿಯದವನು ಎಫೆಸಕ್ಕೆ ಬರುತ್ತಾನೆ. ವಾಕ್ಚಾತುರ್ಯವುಳ್ಳವನು, ಶಾಸ್ತ್ರಗಳಲ್ಲಿ ಪ್ರವೀಣನು. ಆದರೂ ಅವನಿಗೆ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಗುಡಾರ ಹೊಲಿದು ಜೀವನ ಮಾಡುತ್ತಿದ್ದ ಅಕ್ವಿಲನೂ ಪ್ರಿಸ್ಕಿಲ್ಲಳೂ ಅವನ ಪ್ರಸಂಗವನ್ನು ಕೇಳಿದರು. ಸಭೆಯಲ್ಲಿ ಎದ್ದು ಅವನನ್ನು ನಾಚಿಸಲಿಲ್ಲ. ತಮ್ಮ ಬಳಿಗೆ ಕರಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅತಿ ಹಳೆಯ ಪ್ರತಿಗಳಲ್ಲಿ ಹೆಂಡತಿಯ ಹೆಸರೇ ಮುಂದೆ ಬರುತ್ತದೆ. ಚರ್ಮದ ಸೂಜಿ ಹಿಡಿದ ಕೈಗಳು ಪಂಡಿತನಿಗೆ ಪಾಠ ಹೇಳಿದವು, ಪಂಡಿತನು ಕಲಿತನು. ಅಲ್ಲಿಯೇ ಎಫೆಸದಲ್ಲಿ ಪೌಲನು ತುರನ್ನನ ತರ್ಕಶಾಲೆಯಲ್ಲಿ ಎರಡು ವರುಷ ಪ್ರತಿದಿನವೂ ವಾದಿಸಿದನು. ಹೀಗೆ ಒಂದೇ ಪಟ್ಟಣದಲ್ಲಿ ಶಾಲೆಯೂ ಇತ್ತು, ಗುಡಾರದವರ ಮನೆಯೂ ಇತ್ತು. ಸಭೆಗೆ ಎರಡೂ ಬೇಕಾದವು. ತಿಮೊಥೆಯನ ಮೊದಲನೆಯ ಶಾಲೆಯೋ ಅವನ ಅಜ್ಜಿ ಲೋವಿಯ ಮಡಿಲು.

ಆದಕಾರಣ ಅಕ್ಷರ ಬಾರದ ಅಜ್ಜಿಯೇ, ನೀನು ಬಾಯಿಪಾಠವಾಗಿ ಬಲ್ಲ ಕೀರ್ತನೆಗಳನ್ನು ಮೊಮ್ಮಗನಿಗೆ ಹೇಳಿಕೊಡುವದನ್ನು ಬಿಡಬೇಡ. ರಾತ್ರಿಯ ಊಟದ ಮೇಲೆ ಮನೆಯಲ್ಲಿ ಓದಬಲ್ಲ ಹುಡುಗನೋ ಹುಡುಗಿಯೋ ಒಂದು ಅಧ್ಯಾಯವನ್ನು ಓದಲಿ. ತಿಳಿಯದ ಮಾತಿಗೆ ಗುರುತು ಹಾಕಿ ಭಾನುವಾರ ಸಭಾಪಾಲಕರನ್ನು ಕೇಳಲಿ. ಬೆರೋಯದವರು ಪೌಲನು ಹೇಳಿದ್ದನ್ನು ಸಹ ಶಾಸ್ತ್ರಗಳಲ್ಲಿ ಹುಡುಕಿ ಪರೀಕ್ಷಿಸಿದರು, ಅದಕ್ಕಾಗಿ ಹೊಗಳಲ್ಪಟ್ಟರು. ಸಭಾಪಾಲಕರೂ ಪ್ರಶ್ನೆಗೆ ಬೇಸರಪಡಬಾರದು. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ಭಾನುವಾರ ಓದಿಕೊಂಡು ಬಂದು ಹೇಳಲಿ.

ಈಗ ನೀರುಬಾಗಿಲಿನ ಬೀದಿಗೆ ಮರಳೋಣ, ಯಾಕಂದರೆ ಅಲ್ಲಿ ಮೊದಲನೆಯ ದಿನವು ಮಾತ್ರವಲ್ಲ, ಎರಡನೆಯ ದಿನವೂ ಉಂಟು. ಮೊದಲನೆಯ ದಿನ ಜನರು ಕೇಳಿ ಅತ್ತರು. ಅಳಬೇಡಿರಿ, ಹೋಗಿ ಉಣ್ಣಿರಿ, ಏನೂ ಸಿದ್ಧಮಾಡದವರಿಗೆ ಪಾಲು ಕಳುಹಿಸಿರಿ ಎಂದು ಅವರಿಗೆ ಹೇಳಲ್ಪಟ್ಟಿತು; ಅರ್ಥವಾದದ್ದರಿಂದ ಅವರು ಸಂತೋಷಪಟ್ಟರು. ಮಾರನೆಯ ದಿನ ಮನೆತನಗಳ ಹಿರಿಯರು ಇನ್ನೂ ಕಲಿಯಬೇಕೆಂದು ಎಜ್ರನ ಬಳಿಗೆ ಬಂದರು. ಓದುತ್ತಿರುವಾಗ, ಏಳನೆಯ ತಿಂಗಳಿನ ಹಬ್ಬದಲ್ಲಿ ಪರ್ಣಶಾಲೆಗಳಲ್ಲಿ ವಾಸಿಸಬೇಕೆಂಬ ಅಪ್ಪಣೆಯು ಕಂಡುಬಂತು. ಯೆಹೋಶುವನ ದಿನಗಳಿಂದ ಆ ಪ್ರಕಾರ ನಡೆದಿರಲಿಲ್ಲ. ಅವರು ಅದರ ಮೇಲೆ ತರ್ಕಮಾಡುತ್ತಾ ಕೂತುಕೊಳ್ಳಲಿಲ್ಲ. ಬೆಟ್ಟಕ್ಕೆ ಹೋಗಿ ಎಣ್ಣೆಮರದ ಕೊಂಬೆಗಳನ್ನೂ ಸುಗಂಧಮರದ ಕೊಂಬೆಗಳನ್ನೂ ಖರ್ಜೂರದ ಗರಿಗಳನ್ನೂ ಕಡಿದು ತಂದರು. ಒಬ್ಬೊಬ್ಬನು ತನ್ನ ಮಾಳಿಗೆಯ ಮೇಲೆ, ಅಂಗಳದಲ್ಲಿ, ದೇವಾಲಯದ ಅಂಗಳಗಳಲ್ಲಿ, ನೀರುಬಾಗಿಲಿನ ಬೀದಿಯಲ್ಲಿ ಸಹ ಚಪ್ಪರ ಹಾಕಿ ಅದರಲ್ಲಿ ಕೂತನು. ಏಳು ದಿನ ಹಬ್ಬ ನಡೆಯಿತು. ಮೊದಲನೆಯ ದಿನದಿಂದ ಕಡೇ ದಿನದ ವರೆಗೂ ಆ ಗ್ರಂಥವು ಪ್ರತಿದಿನವೂ ಓದಲ್ಪಡುತ್ತಾ ಇತ್ತು.